ನೀರಿನ ದಾರಿ ನೋಡಿ ಕೈ ಹಾಕು

ಮಸ್ಕೋಕಾ ಕಡೆ ಕೆರೆಯಂಚಿಗೆ ಒಂದು ಹಳೇ ಕಾಟೇಜ್ ಕೊಂಡಿರಿ ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷವಾಯಿತಪ್ಪ. ಟೊರಾಂಟೊದ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಕಾಲಿಗೆ ಮಣ್ಣು ಹತ್ತುವ ಜಾಗವೊಂದು ಸಿಕ್ಕಿತು. ಅಡುಗೆಮನೆ ಒಡೆದು ದೊಡ್ಡದು ಮಾಡುವುದು, ಮುಂದಿನ ಪೊದೆಯನ್ನೆಲ್ಲ ಸವರಿ ನೀರಿನವರೆಗೆ ಹುಲ್ಲುಹಾಸು ಹಾಕುವುದು ಎಂದೆಲ್ಲ ನೀನೂ ನಿನ್ನ ಹೆಂಡತಿಯೂ ಪಟ್ಟಿ ಮಾಡಿಕೊಂಡಿದ್ದೀರಂತೆ. ಆ ಪಟ್ಟಿಯನ್ನು ಸದ್ಯಕ್ಕೆ ಮಡಿಸಿಡಿ. ಒಂಟಾರಿಯೊದ ಈ ಕಾಟೇಜ್‌ಗಳ ಸಹವಾಸ ನಿಮಗಿಂತ ಮುಂಚೆ ಮಾಡಿದವಳು ನಾನು. ಅಲ್ಲಿ ಮನೆಯನ್ನು ಕೆಡಿಸುವುದು ನೀರು, ತೋಟವನ್ನು ಉಳಿಸುವುದು ನೀರು, ನಾವು ಕೆಡಿಸುವುದೂ ಆ ನೀರನ್ನೇ. ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಂಡರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿಯುವ ಮುಂಚೆ ಅಡಿಕೆ ತೋಟದ ಬಸಿಗಾಲುವೆ ಬಿಡಿಸುತ್ತಾರಲ್ಲ, ಇಲ್ಲಿ ಆ ಎಚ್ಚರ ಬೇಕಾಗುವುದು ಏಪ್ರಿಲ್‌ನಲ್ಲಿ. ನಾಲ್ಕೈದು ತಿಂಗಳು ಕೂತಿದ್ದ ಹಿಮ ಕೆಲವೇ ವಾರಗಳಲ್ಲಿ ಕರಗುತ್ತದೆ. ಅಡಿಯ ನೆಲ ಇನ್ನೂ ಹೆಪ್ಪುಗಟ್ಟಿಯೇ ಇರುವುದರಿಂದ ನೀರು ಇಂಗದೆ ಮೇಲೆ ಮೇಲೇ ಹರಿಯುತ್ತದೆ. ಇಂಗಲು ಮಣ್ಣಾದರೂ ಎಷ್ಟಿದೆ? ಕೆನಡಿಯನ್ ಶೀಲ್ಡ್ ಎನ್ನುವ ಆ ಬಂಡೆಹಾಸಿನ ಮೇಲೆ ಎಷ್ಟೋ ಕಡೆ ಗೇಣುದ್ದವೂ ಇಲ್ಲ. ಏಪ್ರಿಲ್ ಕೊನೆಯಲ್ಲಿ ಒಂದು ದಿನ ರಬ್ಬರ್ ಬೂಟು ಹಾಕಿಕೊಂಡು ಹೋಗಿ ಮನೆಯ ಸುತ್ತ ನಡೆದು ನೋಡು. ನೀರು ಎಲ್ಲಿ ನಿಂತಿದೆ, ಯಾವ ಕಂಬದ ಬುಡ ತೊಯ್ಯುತ್ತಿದೆ, ಸೂರಿನ ನೀರು ಎಲ್ಲಿ ಗುಂಡಿ ತೋಡಿದೆ, ಎಲ್ಲದರ ಫೋಟೊ ತೆಗೆದಿಟ್ಟುಕೊ. ಜುಲೈನಲ್ಲಿ ಹೋದರೆ ಇದರಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ.

ಹಳೇ ಕಾಟೇಜ್‌ಗಳಲ್ಲಿ ಬಹಳಷ್ಟಕ್ಕೆ ನಮ್ಮೂರ ಮನೆಗಳ ಹಾಗೆ ಪಾಯವಿಲ್ಲ. ಮರದ ಕಂಬಗಳ ಮೇಲೋ, ಒಂದರ ಮೇಲೊಂದು ಪೇರಿಸಿದ ಸಿಮೆಂಟ್ ಬ್ಲಾಕ್‌ಗಳ ಮೇಲೋ ನಿಂತಿರುತ್ತವೆ. ತೇವ ಹಿಡಿದ ಮಣ್ಣು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಕಂಬವನ್ನೂ ಮೇಲಕ್ಕೆ ಎತ್ತುತ್ತದೆ. ಕರಗಿದಾಗ ಮಣ್ಣು ಕುಸಿಯುತ್ತದೆ, ಕಂಬ ಮಾತ್ರ ಮೊದಲಿದ್ದ ಮಟ್ಟಕ್ಕೆ ಬರುವುದಿಲ್ಲ. ವರ್ಷ ವರ್ಷ ಹೀಗಾಗಿ ಮನೆ ಒಂದು ಮೂಲೆಗೆ ವಾಲುತ್ತದೆ, ಬಾಗಿಲು ಚೌಕಟ್ಟಿಗೆ ಉಜ್ಜಲು ಶುರುವಾಗುತ್ತದೆ. ಆಗ ಬಾಗಿಲಿನ ಅಂಚು ಹೆರೆದು ಸರಿ ಮಾಡಲು ಹೋಗಬೇಡ. ರೋಗ ಇರುವುದು ಬಾಗಿಲಿನಲ್ಲಲ್ಲ, ನೆಲದಡಿಯಲ್ಲಿ.

ರಸಮಟ್ಟ ತೆಗೆದುಕೊಂಡು ತೊಲೆಯ ಕೆಳಗೆ ಕೂತು ನೋಡು. ಇಳಿದಿರುವ ಕಡೆ ದಪ್ಪ ಹಲಗೆ ಹಾಸಿ, ಅದರ ಮೇಲೆ ಜಾಕಿ ಇಟ್ಟು ಎತ್ತಬೇಕು. ಒಂದು ಸಲಕ್ಕೆ ಕಾಲು ಇಂಚಿಗಿಂತ ಹೆಚ್ಚು ಬೇಡ. ಎತ್ತಿದಷ್ಟಕ್ಕೆ ಸಂದಿಯಲ್ಲಿ ಕಬ್ಬಿಣದ ತಗಡೋ ಗಟ್ಟಿಮರದ ಚಕ್ಕೆಯೋ ಕೊಟ್ಟು ಬಿಗಿ ಮಾಡಿ ಬಿಡು; ಮುಂದಿನ ವಾರಾಂತ್ಯ ಮತ್ತೆ ಕಾಲು ಇಂಚು. ವರ್ಷಗಟ್ಟಲೆ ವಾಲಿಕೊಂಡಿದ್ದ ಮನೆ ಒಂದೇ ದಿನದಲ್ಲಿ ನೆಟ್ಟಗಾಗುವುದಿಲ್ಲ. ಅವಸರ ಮಾಡಿದರೆ ಕಿಟಕಿ ಗಾಜು ಚಿಟಿಲ್ಲೆನ್ನುತ್ತದೆ, ಚಾವಣಿಯ ಕೀಲು ಬಿಡುತ್ತದೆ. ಪಕ್ಕದಲ್ಲಿ ಮರದ ದಿಮ್ಮಿ ಅಡ್ಡಡ್ಡ ಪೇರಿಸಿ ಆಸರೆ ಕೊಡದೆ ಬರೀ ಜಾಕಿ ನಂಬಿ ಮನೆಯಡಿಗೆ ತಲೆ ಹಾಕಬೇಡ. ಕಂಬವೇ ಕೊಳೆತಿದ್ದರೆ ಕೆಲಸ ಬಲ್ಲವರನ್ನು ಕರೆಸು. ಹೊಸ ಕಂಬ ಕೂರಬೇಕಾದ್ದು ಬಂಡೆಯ ಮೇಲೆ, ಇಲ್ಲವೇ ಹೆಪ್ಪು ಇಳಿಯದಷ್ಟು ಆಳದಲ್ಲಿ. ಆ ಕಡೆ ಅದು ನಾಲ್ಕು ಅಡಿಗೂ ಹೆಚ್ಚೇ. ಗುಂಡಿ ತೋಡುವ ಮುಂಚೆ ಟೌನ್‌ಶಿಪ್ ಕಚೇರಿಯಲ್ಲಿ ಪರ್ಮಿಟ್ ವಿಚಾರಿಸಿಕೊ.

ಕಂಬವಾದ ಮೇಲೆ ಮನೆಯ ಮಾಡಿನ ಸರದಿ. ಒಳಗೆ ಟಾರ್ಚ್ ಹಿಡಿದು ಅಟ್ಟ ಹತ್ತಿದರೆ ಸೋರಿದ ಕಲೆ ಹಲಗೆಯ ಮೇಲೆ ಕಪ್ಪಗೆ ಕಾಣುತ್ತದೆ. ಚಿಮಣಿಯ ಸುತ್ತ ಇರುವ ತಗಡು ಮೊದಲು ನೋಡು, ಬಹುಪಾಲು ಸೋರಿಕೆ ಅಲ್ಲೇ. ಸೌದೆ ಒಲೆ ಇದ್ದರೆ ಹೊತ್ತಿಸುವ ಮುಂಚೆ ಪರೀಕ್ಷೆ ಮಾಡಿಸು. ವಿಮೆಯವರೂ ಆ ಕಾಗದ ಕೇಳುತ್ತಾರೆ. ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಮಲಗುವ ಕೋಣೆಗಳ ಹತ್ತಿರ ಇರಲೇಬೇಕು. ಸೌದೆಯನ್ನು ಊರಿನಿಂದ ಹೇರಿಕೊಂಡು ಹೋಗಬೇಡ, ಅಲ್ಲೇ ಕೊಳ್ಳು. ಒಂಟಾರಿಯೊದ ಆ್ಯಷ್ ಮರಗಳನ್ನು ಕೊಂದ ಹಸಿರು ದುಂಬಿ ಊರಿಂದೂರಿಗೆ ಹರಡಿದ್ದರಲ್ಲಿ ಹೀಗೆ ಸಾಗಿಸಿದ ಸೌದೆಯ ಪಾಲು ದೊಡ್ಡದು.

ಇಲಿಯ ಕಾಟ ಇದ್ದೇ ಇರುತ್ತದೆ. ಪೆನ್ಸಿಲ್ ತೂರುವಷ್ಟು ಸಂದಿ ಸಾಕು ಅದಕ್ಕೆ. ಪೈಪು ಒಳಗೆ ಬರುವ ಜಾಗಗಳಲ್ಲಿ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕು. ಚಳಿಗಾಲ ಕಳೆದು ಬಾಗಿಲು ತೆಗೆದಾಗ ಹಿಕ್ಕೆ ಕಂಡರೆ ಕೂಡಲೇ ಪೊರಕೆ ಹಿಡಿಯಬೇಡಿ, ಧೂಳೆದ್ದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಕಿಟಕಿ ತೆಗೆದು ಗಾಳಿಯಾಡಿಸಿ, ಮಾಸ್ಕ್ ಕಟ್ಟಿಕೊಂಡು, ಬ್ಲೀಚ್ ಬೆರೆಸಿದ ನೀರು ಚಿಮುಕಿಸಿ ಒದ್ದೆಬಟ್ಟೆಯಲ್ಲಿ ಒರೆಸಿ.

ಇನ್ನು ಪೈಪಿನ ವಿಷಯ. ಅಲ್ಲಿಯ ಜನ ಕಾಟೇಜ್ ತೆರೆಯುವುದು ಮೇ ತಿಂಗಳ ವಿಕ್ಟೋರಿಯಾ ಡೇ ವಾರಾಂತ್ಯಕ್ಕೆ, ಮುಚ್ಚುವುದು ಅಕ್ಟೋಬರ್‌ನ ಎರಡನೇ ಸೋಮವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ. ಮುಚ್ಚುವಾಗ ಒಂದು ಲೋಟ ನೀರು ಪೈಪಿನ ತಿರುವಿನಲ್ಲಿ ಉಳಿದರೂ ಹೆಪ್ಪುಗಟ್ಟಿ ಪೈಪು ಸೀಳುತ್ತದೆ, ಅದು ಗೊತ್ತಾಗುವುದು ಮೇ ತಿಂಗಳಲ್ಲಿ. ಬಿಸಿನೀರಿನ ಟ್ಯಾಂಕಿನ ಕರೆಂಟ್ ಮೊದಲು ತೆಗೆ, ನೀರು ಆಮೇಲೆ ಬಿಡು. ಖಾಲಿ ಟ್ಯಾಂಕಿಗೆ ಕರೆಂಟ್ ಇದ್ದರೆ ಕಾಯಿಲ್ ಸುಟ್ಟುಹೋಗುತ್ತದೆ. ಮೇನಲ್ಲಿ ಇದನ್ನೇ ತಿರುಗುಮುರುಗು ಮಾಡು: ನೀರು ಮೊದಲು, ಕರೆಂಟ್ ಆಮೇಲೆ. ಪಂಪ್ ಬಸಿದು, ನಲ್ಲಿಗಳನ್ನೆಲ್ಲ ತೆರೆದಿಟ್ಟು, ಸಿಂಕಿನ ಕೆಳಗಿನ ಬಾಗಿದ ಪೈಪಿಗೂ ಕಮೋಡಿಗೂ ಆ್ಯಂಟಿಫ್ರೀಜ್ ಸುರಿ. ಪ್ಲಂಬಿಂಗ್‌ಗೆಂದೇ ಮಾರುವ ಗುಲಾಬಿ ಬಣ್ಣದ್ದು ಮಾತ್ರ. ಕಾರಿಗೆ ಹಾಕುವುದು ವಿಷ, ಅದನ್ನು ಮನೆಯೊಳಗೇ ತರಬೇಡ. ಕುಡಿಯುವ ನೀರು ಬಾವಿಯದಾದರೆ ಪ್ರತಿ ವರ್ಷ ತೆರೆದ ಕೂಡಲೇ ಪರೀಕ್ಷೆಗೆ ಕೊಡು. ಕೆರೆಯದಾದರೆ ಎಷ್ಟೇ ತಿಳಿಯಾಗಿ ಕಂಡರೂ ಫಿಲ್ಟರ್, ಯುವಿ ದೀಪ ದಾಟದೆ ಮಕ್ಕಳ ಬಾಯಿಗೆ ಹೋಗಕೂಡದು.

ಬಳಸಿದ ನೀರು ಹೋಗುವುದು ಸೆಪ್ಟಿಕ್ ಟ್ಯಾಂಕಿಗೆ, ಅಲ್ಲಿಂದ ನೆಲದಡಿಯ ತೂತಿನ ಪೈಪುಗಳ ಮೂಲಕ ಮಣ್ಣಿಗೆ. ಆ ಜಾಗ ಎಲ್ಲಿದೆ ಎಂದು ಮೊದಲೇ ಗುರುತು ಮಾಡಿಸಿಕೊ. ಅದರ ಮೇಲೆ ಕಾರು ನಿಲ್ಲಿಸಬಾರದು, ಮರ ನೆಡಬಾರದು, ತರಕಾರಿಯಂತೂ ಬೇಡವೇ ಬೇಡ, ಹುಲ್ಲು ಬೆಳೆದುಕೊಂಡಿರಲಿ. ಮೂರರಿಂದ ಐದು ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸು. ನಮ್ಮವರಿಗೆ ಒಂದು ಮಾತು ಜಾಸ್ತಿ ಹೇಳಬೇಕು: ಒಗ್ಗರಣೆ ಎಣ್ಣೆ, ಕರಿದ ಎಣ್ಣೆ, ಅಕ್ಕಿ ಬಸಿದ ಗಂಜಿ ಯಾವುದೂ ಸಿಂಕಿಗೆ ಬೀಳಬಾರದು. ಇಪ್ಪತ್ತು ಜನ ನೆಂಟರು ಒಟ್ಟಿಗೆ ಬಂದು ಎಲ್ಲರೂ ಬಕೆಟ್ಟುಗಟ್ಟಲೆ ಸ್ನಾನ ಮಾಡಿದರೆ ಆ ಹಳೇ ಟ್ಯಾಂಕ್ ತಡೆಯುವುದಿಲ್ಲ.

ಈಗ ದಡಕ್ಕೆ ಬರೋಣ. ಮೊದಲನೆಯದು, ಕ್ರಯಪತ್ರ ನೋಡು. ಹಿಂದಿನ ಸರ್ವೆಯಲ್ಲಿ ಒಂಟಾರಿಯೊದ ಎಷ್ಟೋ ಕೆರೆಗಳ ದಡದಲ್ಲಿ 66 ಅಡಿ ಅಗಲದ ಪಟ್ಟಿಯನ್ನು ರಸ್ತೆಗೆಂದು ಸರ್ಕಾರ ಉಳಿಸಿಕೊಂಡಿತ್ತು. ಹಿಂದಿನ ಮಾಲೀಕರು ಅದನ್ನು ಕೊಂಡಿರದಿದ್ದರೆ, ನಿಮ್ಮದೆಂದುಕೊಂಡ ದಡ ಕಾಗದದಲ್ಲಿ ನಿಮ್ಮದಾಗಿರುವುದಿಲ್ಲ. ಡಾಕ್ ಕಟ್ಟುವುದಕ್ಕೂ ಮರ ಕಡಿಯುವುದಕ್ಕೂ ಮುಂಚೆ ವಕೀಲರನ್ನು ಕೇಳು.

ಎರಡನೆಯದು, ಆ ಹುಲ್ಲುಹಾಸಿನ ಆಸೆ ಬಿಡು. ಕಾರಣ ಹೇಳುತ್ತೇನೆ. 1973ರಲ್ಲಿ ವಾಯವ್ಯ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯ ತಂಡ 226 ಎಂಬ ನಂಬರಿನ ಕೆರೆಯ ನಡು ಸೊಂಟಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಪಾಲು ಮಾಡಿತು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು. ಒಂದು ಪಾಲಿಗೆ ಮಾತ್ರ ಜೊತೆಗೆ ರಂಜಕ ಸೇರಿಸಿದರು. ರಂಜಕ ಬಿದ್ದ ಪಾಲು ಪಾಚಿ ಕಟ್ಟಿ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಚಿತ್ರ ಇಂದಿಗೂ ಪಾಠಪುಸ್ತಕಗಳಲ್ಲಿದೆ. ಹುಲ್ಲಿಗೆ ಹಾಕುವ ಗೊಬ್ಬರ, ಸೋರುವ ಸೆಪ್ಟಿಕ್, ಸವೆದುಹೋಗುವ ಮಣ್ಣು, ಮೂರರಲ್ಲೂ ಇರುವುದು ಅದೇ ರಂಜಕ. ನೀರಿನವರೆಗೆ ಹುಲ್ಲು ಹಾಸಿದರೆ ತಡೆಯುವ ಬೇರು ಇರುವುದಿಲ್ಲ, ಒಂದು ಜೋರು ಮಳೆಗೆ ಎಲ್ಲ ಕೆರೆಗೆ. ಜೊತೆಗೆ ಕೆನಡಾ ಹೆಬ್ಬಾತುಗಳಿಗೆ ಮೇಯಲು ಇಂಥ ಹುಲ್ಲೇ ಇಷ್ಟ. ಹಿಂಡಾಗಿ ಬಂದು ಡಾಕ್ ಮೇಲೆಲ್ಲ ಗಲೀಜು ಮಾಡುತ್ತವೆ. ಹುಲ್ಲಿನ ಕಳೆಗೆ ಔಷಧಿ ಹೊಡೆಯೋಣವೆಂದರೆ, ಬರೀ ಅಂದಕ್ಕಾಗಿ ಅಂಥದ್ದನ್ನು ಹೊಡೆಯುವುದಕ್ಕೆ ಒಂಟಾರಿಯೊದಲ್ಲಿ 2009ರಿಂದ ನಿಷೇಧವಿದೆ.

ಹಾಗಾಗಿ ದಡದ ಪೊದೆ ಹಾಗೇ ಇರಲಿ. ಡಾಕಿಗೆ ಇಳಿಯಲು ಒಬ್ಬರು ನಡೆಯುವಷ್ಟು ದಾರಿ ಸಾಕು, ಅದನ್ನೂ ನೇರವಾಗಿ ಬೇಡ, ಅಂಕುಡೊಂಕಾಗಿ ಬಿಡಿಸು. ಆಗ ಮಳೆನೀರು ಅದರಲ್ಲಿ ಓಡಿ ಬರುವುದಿಲ್ಲ. ಬೋಳಾದ ಕಡೆ ಅಲ್ಲಿಯದೇ ಗಿಡ ನೆಡು. ಕೆಂಪು ಕಡ್ಡಿಯ ಡಾಗ್‌ವುಡ್ ಇದೆ, ನೀಲಿ ಐರಿಸ್ ಇದೆ, ಜೌಗಿನ ಮಿಲ್ಕ್‌ವೀಡ್ ಇದೆ. ಈ ಮಿಲ್ಕ್‌ವೀಡ್ ನಮ್ಮ ಎಕ್ಕದ ಬಳಗದ್ದು, ಮುರಿದರೆ ಹಾಗೇ ಹಾಲು ಬರುತ್ತದೆ. ಮೊನಾರ್ಕ್ ಚಿಟ್ಟೆ ಮೊಟ್ಟೆ ಇಡುವುದು ಇದರ ಬಳಗದ ಮೇಲೇ. ಡಾಲರ್ ನಾಣ್ಯದ ಮೇಲಿರುವ ಲೂನ್ ಹಕ್ಕಿಗೆ ನೆಲದ ಮೇಲೆ ನಡೆಯಲು ಸರಿಯಾಗಿ ಬಾರದು, ಅದಕ್ಕೇ ನೀರಿನಂಚಿನಲ್ಲೇ ಗೂಡು ಕಟ್ಟುತ್ತದೆ. ಮೋಟಾರು ದೋಣಿಯನ್ನು ದಡದ ಹತ್ತಿರ ಜೋರಾಗಿ ಓಡಿಸಿದರೆ ಅಲೆಗೆ ಮೊಟ್ಟೆ ತೇಲಿಹೋಗುತ್ತದೆ. ದೋಣಿಯನ್ನು ಇನ್ನೊಂದು ಕೆರೆಯಿಂದ ತಂದರೆ ಕೆಸರು, ಗಿಡ ತೆಗೆದು ನೀರು ಬಸಿಯದೆ ಇಳಿಸಬಾರದು. 2022ರಿಂದ ಇದು ಕಾನೂನೇ ಆಗಿದೆ.

ತರಕಾರಿ ಬೆಳೆಯಬೇಕೆಂದು ನಿನ್ನ ಹೆಂಡತಿಗೆ ಆಸೆಯಂತೆ. ಬೆಳೆಯಲಿ, ಆದರೆ ಕೆರೆಯಿಂದ ದೂರ, ಮನೆಯ ಹಿಂದಿನ ಬಿಸಿಲಿಗೆ. ನೆಲ ಅಗೆಯಲು ಹೋದರೆ ಗುದ್ದಲಿ ಬಂಡೆಗೆ ಬಡಿಯುತ್ತದೆ. ಹಲಗೆಯ ತೊಟ್ಟಿ ಮಾಡಿ, ಒಂದಡಿ ಮಣ್ಣು, ಕಾಂಪೋಸ್ಟ್ ತುಂಬಿ. ಜೂನ್ ಮೊದಲ ವಾರದ ತನಕ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಎಳೆಗಿಡ ಸುಡುವ ಭಯವಿದೆ, ಸೆಪ್ಟೆಂಬರ್‌ನಲ್ಲಿ ಮತ್ತೆ ಬರುತ್ತದೆ. ವಾರದ ದಿನಗಳಲ್ಲಿ ನೀರುಣಿಸಲು ನೀವಲ್ಲಿ ಇರುವುದಿಲ್ಲ. ಟೊಮೆಟೊ, ಬದನೆ ಹಾಕಿ ಒಣಗಿಸುವ ಬದಲು ಮೆಂತ್ಯ, ಕೊತ್ತಂಬರಿ ಬಿತ್ತಿ, ಮೇಲೆ ಒಣಹುಲ್ಲು ಹೊದಿಸಿ. ಮೆಂತ್ಯ ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುತ್ತದೆ. ಸುತ್ತ ಎತ್ತರದ ಬಲೆ ಇರಲಿ, ಜಿಂಕೆ ಒಂದೇ ರಾತ್ರಿಯಲ್ಲಿ ನುಣ್ಣಗೆ ಮಾಡುತ್ತದೆ. ಕರಿಬೇವನ್ನು ಕುಂಡದಲ್ಲೇ ಇಟ್ಟು ಆಗಸ್ಟ್ ಮುಗಿಯುತ್ತಲೇ ಊರಿಗೆ ವಾಪಸ್ ತನ್ನಿ. ಅನ್ನ, ಸಾರಿನ ಉಳಿಕೆಯನ್ನು ಕಾಂಪೋಸ್ಟ್‌ಗೆ ಹಾಕಿದರೆ ವಾಸನೆಗೆ ಕರಡಿ ಬರುತ್ತದೆ. ತರಕಾರಿ ಸಿಪ್ಪೆ ಮಾತ್ರ ಸಾಕು.

ಕಾಟೇಜಿನವರಿಗೆಂದೇ ಹುಟ್ಟಿದ ಬೆಳೆ ಬೆಳ್ಳುಳ್ಳಿ. ಅಕ್ಟೋಬರ್‌ನಲ್ಲಿ ಮನೆ ಮುಚ್ಚುವ ದಿನ ದಪ್ಪ ಎಸಳುಗಳನ್ನು ಬಿಡಿಸಿ, ಚೂಪು ತುದಿ ಮೇಲೆ ಮಾಡಿ ಎರಡು ಇಂಚು ಆಳಕ್ಕೆ ಊರಿ, ಎಸಳಿಗೂ ಎಸಳಿಗೂ ಒಂದು ಗೇಣಿಗಿಂತ ಕಡಿಮೆ ಜಾಗ ಬಿಟ್ಟು, ಉದುರಿದ ಎಲೆ ಹೊದಿಸಿ ಬನ್ನಿ. ಅದಕ್ಕೆ ಚಳಿ ಬೇಕೇ ಬೇಕು. ಮೇನಲ್ಲಿ ನೀವು ಹೋಗುವಷ್ಟರಲ್ಲಿ ಹಸಿರು ಮೊಳಕೆ ಎದ್ದಿರುತ್ತದೆ. ಜೂನ್‌ನಲ್ಲಿ ಸುರುಳಿ ಸುತ್ತುವ ಹೂದಂಟನ್ನು ಮುರಿದು ಪಲ್ಯ ಮಾಡಿ, ಗಡ್ಡೆಯೂ ದಪ್ಪಗಾಗುತ್ತದೆ. ಜುಲೈ ಕೊನೆಗೆ ಕಿತ್ತು ನೆರಳಲ್ಲಿ ಒಣಗಿಸಿ. ಕೇಳುವುದು ಕಡಿಮೆ, ಕೊಡುವುದು ಜಾಸ್ತಿ.

ಹುಲ್ಲಲ್ಲಿ, ಪೊದೆಯಲ್ಲಿ ಕೆಲಸ ಮಾಡಿದ ದಿನ ಸಂಜೆ ಮಕ್ಕಳ ಮೈಯೆಲ್ಲ ನೋಡಿ. ನಮ್ಮೂರಲ್ಲಿ ಮಂಗನ ಕಾಯಿಲೆ ತರುವ ಉಣುಗಿನ ಭಯ ನಿಮ್ಮಪ್ಪನಿಗೆ ಚೆನ್ನಾಗಿ ಗೊತ್ತು. ಇಲ್ಲಿರುವುದು ಲೈಮ್ ಕಾಯಿಲೆ ತರುವ ಉಣುಗು. ಕಚ್ಚಿದ್ದನ್ನು ಅವತ್ತೇ ಚಿಮುಟದಿಂದ ನೇರವಾಗಿ ಎಳೆದು ತೆಗೆದರೆ ಅಪಾಯ ಬಹಳ ಕಡಿಮೆ.

ಅಕ್ಕಪಕ್ಕದ ಹಳಬರ ಮನೆಗೆ ಹೋಗಿ ಮಾತಾಡಿಸಿ. ಹೋಗುವಾಗ ಒಂದು ಡಬ್ಬಿ ಚಕ್ಕುಲಿ ಇರಲಿ. ಯಾವ ವರ್ಷ ನೀರು ಎಲ್ಲಿಯವರೆಗೆ ಏರಿತ್ತು, ಯಾವ ಪ್ಲಂಬರ್ ಕರೆದರೆ ಬರುತ್ತಾನೆ ಎನ್ನುವುದೆಲ್ಲ ಅವರಿಗೇ ಗೊತ್ತು.

ಮೊದಲ ವರ್ಷದ ದುಡ್ಡನ್ನು ಕಣ್ಣಿಗೆ ಕಾಣದ ಕೆಲಸಕ್ಕೆ ಹಾಕಿ: ಕಂಬ, ಮಾಡು, ಪೈಪು, ಸೆಪ್ಟಿಕ್. ನೋಡಿದವರು ಇವರೇನೂ ಮಾಡಿಸೇ ಇಲ್ಲ ಎನ್ನಬಹುದು, ಅನ್ನಲಿ. ಅಡುಗೆಮನೆ ಇನ್ನೆರಡು ವರ್ಷ ಹಳೆಯದಾಗಿಯೇ ಇದ್ದರೆ ಯಾರಿಗೂ ನಷ್ಟವಿಲ್ಲ. ಸೋರುವ ಮಾಡು ಒಂದು ಚಳಿಗಾಲವನ್ನೂ ಕಾಯುವುದಿಲ್ಲ.