ಮುಖಕ್ಕೆ ಮಸಿ ಬಳಿದು ಮಾಡುವ ಗೌರವ

ಪ್ರಶ್ನೆ: ನಾನು ಮಡಕಶಿರಾ ಕಡೆಯವನು, ರಾಯದುರ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ಕಾಲೇಜಿನ ಫುಟ್‌ಬಾಲ್ ಮ್ಯಾಚ್ ಇದ್ದಾಗಲೆಲ್ಲ ಒಬ್ಬ ಹುಡುಗ ‘ಬೇಡ ನಾಯಕ’ನ ವೇಷ ಹಾಕುತ್ತಾನೆ. ಮುಖಕ್ಕೆ ಮಸಿ, ತಲೆಗೆ ಗರಿ, ಕೈಯಲ್ಲಿ ಬಿಲ್ಲು. ಗೋಲು ಬಿದ್ದರೆ ಕೇಕೆ ಹಾಕಿ ಕುಣಿಯುತ್ತಾನೆ. ಸೀನಿಯರ್‌ಗಳ ಕಾಲದಿಂದಲೂ ಇದೆಯಂತೆ. ನನ್ನ ರೂಮ್‌ಮೇಟ್ ಬೋಯರ ಹುಡುಗ, ಟೀಮಿನ ಗೋಲ್‌ಕೀಪರ್. ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆದರೆ ಮ್ಯಾಚ್ ಮುಗಿದ ಮೇಲೆ ನಮ್ಮ ಜೊತೆ ಊಟಕ್ಕೆ ಬರುವುದನ್ನು ಬಿಟ್ಟಿದ್ದಾನೆ. ವೇಷ ನಿಲ್ಲಿಸೋಣ ಅಂದರೆ ‘ಕಾಲೇಜಿನ ಅಭಿಮಾನ ಇಲ್ಲದವನು’ ಅಂತಾರೆ. ಏನು ಮಾಡಲಿ?

ಉತ್ತರ: ತಮ್ಮಾ, ಗೆಳೆಯ ಊಟ ಬಿಟ್ಟದ್ದು ನಿನ್ನ ಕಣ್ಣಿಗೆ ಬಿತ್ತಲ್ಲ, ಅರ್ಧ ಕೆಲಸ ಆದಂತೆ.

ಕ್ರಿಕೆಟ್ಟಿಗೇ ಮನಸೋತ ನಾಡಿನಲ್ಲಿ ಹಳ್ಳಿ ಮಕ್ಕಳ ಕಾಲಿಗೆ ಫುಟ್‌ಬಾಲ್ ಸಿಕ್ಕಿದ್ದು ಸಣ್ಣ ಮಾತಲ್ಲ. ವಿಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಕಟ್ಟಿದ ಆರ್.ಡಿ.ಟಿ. ಸಂಸ್ಥೆ ಅದಕ್ಕೆ ಬಹಳ ದುಡಿದಿದೆ. ಹಾಗಾಗಿ ಗಂಟಲು ಹರಿಯುವಂತೆ ಕೂಗಿ, ಕುಣಿಯಿರಿ. ಅದಕ್ಕೆ ಯಾರ ತಕರಾರೂ ಇಲ್ಲ.

ವೇಷದ ಮಾತಿಗೆ ಬರೋಣ. ‘ನಾವು ಗೌರವ ಕೊಡುತ್ತಿದ್ದೇವೆ’ ಎಂದು ಸೀನಿಯರ್‌ಗಳು ಹೇಳಿಯೇ ಹೇಳುತ್ತಾರೆ. ವಿಜಯನಗರದ ಭೂಪತಿರಾಯ ಬರುವ ಮುಂಚೆ ರಾಯದುರ್ಗದ ಬೆಟ್ಟ ಬೇಡ ಪಾಳೆಯಗಾರರ, ಅಂದರೆ ನಿನ್ನ ಗೆಳೆಯನ ಬೋಯರ ಕೈಯಲ್ಲಿತ್ತು. ಕೋಟೆ ಆಳಿದವರಿಗೆ ಗೌರವ ಕೊಡುವವರು ಮುಖಕ್ಕೆ ಮಸಿ ಏಕೆ ಬಳಿದುಕೊಳ್ಳಬೇಕು? ಇನ್ನೊಂದು ಸಂಗತಿ. ಗಡಿ ದಾಟಿ ಕರ್ನಾಟಕದ ಮೊಳಕಾಲ್ಮೂರಿಗೆ ಹೋದರೆ ಅದೇ ನಾಯಕ ಜನ ಪರಿಶಿಷ್ಟ ಪಂಗಡ, ಈಚೆ ಆಂಧ್ರದ ರಾಯದುರ್ಗದಲ್ಲಿ ಹಿಂದುಳಿದ ವರ್ಗ. ಯಾವ ಹೆಸರಿಗಾಗಿ ಒಂದು ಸಮುದಾಯ ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡುತ್ತಿದೆಯೋ, ಅದನ್ನೇ ನಿಮ್ಮ ಹುಡುಗ ಮ್ಯಾಚಿನ ದಿನ ತೊಟ್ಟು, ಸಂಜೆ ಮುಖ ತೊಳೆದು ಮನೆಗೆ ಹೋಗುತ್ತಾನೆ.

ಈ ಜಗಳ ನಿಮ್ಮೊಬ್ಬರದೇ ಅಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1926ರಿಂದ ಒಬ್ಬ ವಿದ್ಯಾರ್ಥಿ ಮೂಲನಿವಾಸಿ ಮುಖ್ಯಸ್ಥನ ವೇಷದಲ್ಲಿ, ಆಟದ ಮಧ್ಯಂತರದಲ್ಲಿ ಕುಣಿಯುತ್ತಿದ್ದ. ಎಂಬತ್ತರ ದಶಕದ ಕೊನೆಯಲ್ಲಿ, ಅಲ್ಲಿ ಕಲೆ ಓದುತ್ತಿದ್ದ ಸ್ಪೋಕೇನ್ ಬುಡಕಟ್ಟಿನ ಷಾರ್ಲೀನ್ ಟೀಟರ್ಸ್ ತಮ್ಮಿಬ್ಬರು ಮಕ್ಕಳನ್ನು ಬಾಸ್ಕೆಟ್‌ಬಾಲ್ ನೋಡಲು ಕರೆದುಕೊಂಡು ಹೋದರು. ಆ ಕುಣಿತ ಕಂಡು ಮಕ್ಕಳು ಕುರ್ಚಿಯಲ್ಲೇ ಮುದುಡಿಕೊಂಡರಂತೆ. ಆಮೇಲೆ ಆಕೆ ಕ್ರೀಡಾಂಗಣದ ಹೊರಗೆ ಫಲಕ ಹಿಡಿದು ಒಬ್ಬರೇ ನಿಂತರು, ಬೈಗುಳ ತಿಂದರು. ವೇಷ ನಿಂತದ್ದು 2007ರಲ್ಲಿ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸೆಮಿನೋಲ್ ನಾಯಕನ ವೇಷ ಇಂದಿಗೂ ಇದೆ, ಆದರೆ ಫ್ಲಾರಿಡಾದ ಸೆಮಿನೋಲ್ ಜನರ ಆಡಳಿತವೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ನಿಮ್ಮಲ್ಲಿ ಯಾರು ಯಾರನ್ನು ಕೇಳಿದರು? ಕೇಳಿದ್ದರೂ, ಹದಿನೆಂಟು ಹುಡುಗರ ನಡುವೆ ನಿಂತ ಒಬ್ಬನಿಗೆ ‘ಆಗದು’ ಎನ್ನುವ ಧೈರ್ಯ ಎಲ್ಲಿಂದ ಬರಬೇಕು?

ಆದ್ದರಿಂದ ಎಲ್ಲರೆದುರು ‘ನಿನಗೆ ಬೇಜಾರಾಯ್ತೇನೋ’ ಎಂದು ಕೇಳಬೇಡ. ಇಡೀ ಸಮುದಾಯದ ಪರವಾಗಿ ಉತ್ತರ ಹೇಳುವ ಹೊರೆ ಅವನಿಗೇಕೆ? ರೂಮಿನಲ್ಲಿ ಇಬ್ಬರೇ ಇದ್ದಾಗ, ‘ಈ ವೇಷ ನನಗೆ ಸರಿಕಾಣುತ್ತಿಲ್ಲ, ಆಟ ಆಡಿಸುವ ಪಿ.ಡಿ. ಸರ್ ಹತ್ತಿರ ಹೇಳುತ್ತೇನೆ, ನಿನ್ನ ಹೆಸರು ಎತ್ತುವುದಿಲ್ಲ’ ಎಂದಷ್ಟೇ ಹೇಳು. ಅವನು ‘ಬಿಡೋ ಮಾರಾಯ’ ಎನ್ನಬಹುದು. ಆಗಲೂ ನಿನ್ನ ಹೆಸರಿನಲ್ಲಿ ನೀನು ಮಾತನಾಡಲು ಅಡ್ಡಿಯಿಲ್ಲ.

ಬರಿಗೈಲಿ ಹೋಗಬೇಡ. ವೇಷ ಕಿತ್ತುಕೊಂಡು ಬದಲಿಗೆ ಏನೂ ಕೊಡದಿದ್ದರೆ ಹುಡುಗರು ಸಿಡುಕುತ್ತಾರೆ, ಅದೂ ಸಹಜವೇ. ನಿಮ್ಮ ಕಡೆಯ ಗುಡ್ಡಗಳಲ್ಲಿ ಕರಡಿ ಇದೆ, ಅದರ ಮುಖವಾಡಕ್ಕೆ ಯಾರ ಜಾತಿಯೂ ಅಂಟಿಲ್ಲ. ಬಾವುಟ, ಜೆರ್ಸಿ ಹೊಲಿಸಲು ರಾಯದುರ್ಗದ ಗಾರ್ಮೆಂಟ್ಸ್‌ನವರಿದ್ದಾರೆ. ಈಗ ಕುಣಿಯುವ ಹುಡುಗನನ್ನೇ ಕರಡಿ ಮಾಡಿ. ಅವನಿಗೆ ಕುಣಿತ ಬೇಕಾಗಿರಬಹುದು, ಅಷ್ಟೇ. ಪಿ.ಡಿ. ಸರ್ ಹತ್ತಿರ ಮ್ಯಾಚಿನ ಹಿಂದಿನ ದಿನ ಹೋದರೆ ಕೆಲಸ ಕೆಡುತ್ತದೆ, ಈ ವಾರವೇ ಹೋಗು.