ಹಳೆಯ ನೋಟುಗಳಿಗೂ ಒಂದು ದಾಸ್ತಾನು ವಹಿ

ದಾಂಡೇಲಿಯಲ್ಲಿ ಕಾಗದದ ವ್ಯಾಪಾರ ಮಾಡುವವರಿಗೆ ಒಂದು ಸಂಗತಿಯನ್ನು ಹೇಳಿಕೊಡಬೇಕಾಗಿಲ್ಲ. ಒಂದೇ ಅಳತೆಯ, ಒಂದೇ ಬಿಳುಪಿನ ಎರಡು ರೀಮುಗಳು ನೋಟಕ್ಕೆ ಒಂದೇ ಆಗಿ ಕಂಡರೂ ಅವುಗಳ ಜಿ.ಎಸ್.ಎಂ. ಬೇರೆಯಾಗಿದ್ದರೆ ದಾಸ್ತಾನು ವಹಿಯಲ್ಲಿ ಅವುಗಳಿಗೆ ಎರಡು ಸಂಖ್ಯೆಗಳು ಇರಲೇಬೇಕು. ಇಷ್ಟು ಶಿಸ್ತನ್ನು ಬಲ್ಲ ವರ್ತಕರೇ ತಮ್ಮ ತಿಜೋರಿಯಲ್ಲಿ ಹಿರಿಯರು ಕಟ್ಟಿಟ್ಟ ಹಳೆಯ ನೋಟುಗಳ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತಾರೆ.

ಹಳಿಯಾಳದ ಒಂದು ಕಿರಾಣಿ ಅಂಗಡಿಯ ಮನೆತನವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಂದೆ ತೀರಿಕೊಂಡ ನಂತರ ಮೂವರು ಮಕ್ಕಳ ನಡುವೆ ಪಾಲುಪಟ್ಟಿ ಆಗುತ್ತದೆ. ಅದರಲ್ಲಿ "ಹಳೆಯ ನೋಟುಗಳು, ಒಟ್ಟು ರೂ. 212" ಎಂದು ಒಂದೇ ಸಾಲು ಬರೆಯಲಾಗುತ್ತದೆ. ಕಟ್ಟು ಹಿರಿಯ ಮಗನ ಬಳಿ ಉಳಿಯುತ್ತದೆ. ಎರಡು ವರ್ಷಗಳ ನಂತರ ಅದರಲ್ಲಿದ್ದ ಒಂದು ನೋಟಿಗೆ ಮುಖಬೆಲೆಯ ನೂರಾರು ಪಟ್ಟು ಬೆಲೆಯಿತ್ತೆಂದು ತಿಳಿದಾಗ, ಆ ನೋಟು ಕಟ್ಟಿನಲ್ಲಿತ್ತೇ, ಇದ್ದರೆ ಈಗಿರುವುದು ಅದೇ ನೋಟೇ ಎಂಬುದನ್ನು ಸಿದ್ಧಪಡಿಸಲು ಯಾವ ದಾಖಲೆಯೂ ಇರುವುದಿಲ್ಲ. ಒಟ್ಟು ಮೊತ್ತ ಸರಿಯಾಗಿಯೇ ಇರುತ್ತದೆ, ನೋಟು ಬೇರೆಯಾಗಿರಬಹುದು. ಅಣ್ಣತಮ್ಮಂದಿರ ನಡುವಿನ ಮಾತು ಮುರಿಯುವುದಕ್ಕೆ ಇಷ್ಟು ಸಾಕು.

ಒಂದೇ ಮುಖಬೆಲೆಯ, ಒಂದೇ ವಿನ್ಯಾಸದ ನೋಟುಗಳಲ್ಲಿ ಇರುವ ಸಣ್ಣ ವ್ಯತ್ಯಾಸಕ್ಕೆ ಸಂಗ್ರಾಹಕರು 'ಪ್ರಭೇದ' ಎನ್ನುತ್ತಾರೆ. ಭಾರತದ ನೋಟುಗಳಲ್ಲಿ ಮೊದಲು ನೋಡಬೇಕಾದದ್ದು ಸಹಿ. ರಿಸರ್ವ್ ಬ್ಯಾಂಕಿನ ನೋಟುಗಳಲ್ಲಿ ಗವರ್ನರರ ಸಹಿ ಇರುತ್ತದೆ. ಒಂದು ರೂಪಾಯಿ ನೋಟು ಭಾರತ ಸರ್ಕಾರದ್ದಾದ ಕಾರಣ ಅದರಲ್ಲಿ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಬ್ಯಾಂಕಿನ ಮೊದಲ ಗವರ್ನರ್ ಸರ್ ಆಸ್ಬೋರ್ನ್ ಸ್ಮಿತ್ ಅವರ ಸಹಿ ಯಾವ ನೋಟಿನಲ್ಲಿಯೂ ಇಲ್ಲ, ಏಕೆಂದರೆ ಬ್ಯಾಂಕಿನ ಸ್ವಂತ ನೋಟುಗಳು ಹೊರಬಂದದ್ದು 1938ರಲ್ಲಿ, ಅವರ ನಂತರದ ಜೆ.ಬಿ. ಟೇಲರ್ ಅವರ ಸಹಿಯೊಡನೆ. 1969ರ ಗಾಂಧೀ ಜನ್ಮಶತಾಬ್ದಿಯ ನೋಟುಗಳಲ್ಲಿ ಎಲ್.ಕೆ. ಝಾ ಅವರ ಸಹಿ ಇಂಗ್ಲಿಷಿನಲ್ಲಿಯೂ ಇದೆ, ಹಿಂದಿಯಲ್ಲಿಯೂ ಇದೆ. ವ್ಯಕ್ತಿ ಒಬ್ಬರೇ, ವಿನ್ಯಾಸವೂ ಒಂದೇ, ಪ್ರಭೇದಗಳು ಎರಡು.

ಸಹಿಯ ನಂತರ ಸಂಖ್ಯೆಯ ಭಾಗವನ್ನು ನೋಡಬೇಕು. ಮಹಾತ್ಮಾ ಗಾಂಧಿ ಸರಣಿಯ ಹತ್ತು ರೂಪಾಯಿ ನೋಟನ್ನು ತೆಗೆದುಕೊಂಡರೆ, ಸಂಖ್ಯೆಯ ಹಿನ್ನೆಲೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರಬಹುದು, ಇಲ್ಲದಿರಬಹುದು. 2005ರಿಂದ ಹಿಂಬದಿಯ ಕೆಳಭಾಗದಲ್ಲಿ ಮುದ್ರಣದ ವರ್ಷ ಬಂದಿತು. 2006ರಿಂದ, ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ ನೋಟುಗಳಲ್ಲಿ ಪೂರ್ವಾಕ್ಷರ ಮತ್ತು ಸಂಖ್ಯೆಯ ನಡುವೆ ನಕ್ಷತ್ರ ಚಿಹ್ನೆ ಬಂದಿತು. ಆಮೇಲೆ ರೂಪಾಯಿಯ ಹೊಸ ಚಿಹ್ನೆ, 2015ರಿಂದ ಎಡದಿಂದ ಬಲಕ್ಕೆ ಗಾತ್ರದಲ್ಲಿ ಏರುವ ಅಂಕಿಗಳು. 2023ರಲ್ಲಿ ನಕ್ಷತ್ರದ ನೋಟುಗಳು ಖೋಟಾ ಎಂಬ ಗಾಳಿಸುದ್ದಿ ಹರಡಿದಾಗ, ಅವು ಇತರ ನೋಟುಗಳಂತೆಯೇ ಚಲಾವಣೆಗೆ ಯೋಗ್ಯವೆಂದು ರಿಸರ್ವ್ ಬ್ಯಾಂಕು ಸ್ಪಷ್ಟಪಡಿಸಬೇಕಾಯಿತು. ಪ್ರಭೇದದ ಅರಿವಿದ್ದ ಅಂಗಡಿಕಾರನು ಗಿರಾಕಿಯನ್ನು ಹಿಂದಕ್ಕೆ ಕಳುಹಿಸಬೇಕಾಗಿರಲಿಲ್ಲ.

ಮುಂಡಗೋಡಿನ ವರ್ತಕರ ಮುಂದೆ ಬೇರೊಂದು ಬಗೆಯ ನೋಟು ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಅಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಆರಂಭವಾಯಿತು. ಟಿಬೆಟಿನ ಹಳೆಯ ಸರ್ಕಾರ ತನ್ನದೇ ಕಾಗದದ ಹಣವನ್ನು ಹೊರಡಿಸಿತ್ತು: ಮೊದಲು 'ತಮ್', ನಂತರ 'ಶ್ರಂಗ್' ಮಾನದಲ್ಲಿ. ಅವುಗಳ ಮೇಲೆ ಕ್ರಮಸಂಖ್ಯೆಯನ್ನು ಯಂತ್ರ ಒತ್ತುತ್ತಿರಲಿಲ್ಲ. ತರಬೇತಾದ ಬರಹಗಾರರು ಕೈಯಿಂದ ಬರೆಯುತ್ತಿದ್ದರು. ಮೊದಲ ನೋಟುಗಳ ಮೇಲೆ 1658 ಎಂಬ ವರ್ಷವಿದೆ. ಇದು ಟಿಬೆಟಿನ ಎಣಿಕೆ; 254 ಕೂಡಿಸಿದರೆ ಕ್ರಿ.ಶ. 1912 ಬರುತ್ತದೆ. ಈ ಲೆಕ್ಕ ತಿಳಿಯದವರು ಅದನ್ನು ಔರಂಗಜೇಬನ ಕಾಲದ ನೋಟೆಂದು ಮಾರಲೂಬಹುದು, ಕೊಳ್ಳಲೂಬಹುದು. 50 ತಮ್ ನೋಟಿನಲ್ಲಿ ವರ್ಷವೇ ಪ್ರಭೇದವನ್ನು ಹೇಳುತ್ತದೆ. 100 ಶ್ರಂಗ್ ನೋಟಿನಲ್ಲಿ ವರ್ಷವಿಲ್ಲ, ಆದ್ದರಿಂದ ಕೈಬರಹದ ಸಂಖ್ಯೆಯನ್ನೇ ಆಶ್ರಯಿಸಬೇಕು. ಥಾಯ್ಲೆಂಡಿನ ನೋಟುಗಳಲ್ಲಿಯೂ ಇದಕ್ಕೆ ಹತ್ತಿರದ ಸ್ಥಿತಿಯಿದೆ. ಅಲ್ಲಿ ಹಣಕಾಸು ಸಚಿವರ ಮತ್ತು ಬ್ಯಾಂಕಿನ ಗವರ್ನರರ ಎರಡು ಸಹಿಗಳಿರುತ್ತವೆ. ಇಬ್ಬರಲ್ಲಿ ಯಾರು ಬದಲಾದರೂ ಹೊಸ ಪ್ರಭೇದ.

ಇವುಗಳಿಗೆ ಸಂಖ್ಯೆ ಕೊಡುವ ಕೆಲಸವನ್ನು ಪ್ರಪಂಚಮಟ್ಟದಲ್ಲಿ ಮಾಡಿದವರು ಜರ್ಮನಿಯ ಆಲ್ಬರ್ಟ್ ಪಿಕ್. ಅವರ ಪದ್ಧತಿಯಲ್ಲಿ ನೋಟಿಗೆ ಒಂದು ಸಂಖ್ಯೆ, ಸಹಿ ಮುಂತಾದ ಪ್ರಭೇದಗಳಿಗೆ ಅದರ ಹಿಂದೆ ಎ, ಬಿ, ಸಿ ಎಂಬ ಅಕ್ಷರಗಳು. ನಡುವೆ ಸೇರಬೇಕಾದ ನೋಟು ತಡವಾಗಿ ಸಿಕ್ಕಿದರೆ ಸಂಖ್ಯೆಗೆ ಅಕ್ಷರವನ್ನು ಅಂಟಿಸಿ ಜಾಗ ಮಾಡಬೇಕಾಯಿತು. ಭಾರತದ ನೋಟುಗಳಿಗೆ ರಜ್ವಾನ್ ರಜಾಕ್ ಮತ್ತು ಕಿಶೋರ್ ಝುನ್‌ಝುನ್‌ವಾಲಾ ಅವರ ಕೈಪಿಡಿ ಹೆಚ್ಚು ವಿವರವಾದದ್ದು. ರಜಾಕ್ ಅವರು ಬೆಂಗಳೂರಿನಲ್ಲಿ 2020ರಲ್ಲಿ ತೆರೆದ ಕಾಗದದ ಹಣದ ವಸ್ತುಸಂಗ್ರಹಾಲಯದಲ್ಲಿ ನೋಟುಗಳನ್ನೇ ಕಣ್ಣಾರೆ ನೋಡಬಹುದು.

ಹೊಸಬರು ಮಾಡುವ ತಪ್ಪೆಂದರೆ ಪುಸ್ತಕದ ಸಂಖ್ಯೆಯನ್ನೇ ತಮ್ಮ ವಹಿಯ ಸಂಖ್ಯೆಯನ್ನಾಗಿ ಮಾಡಿಕೊಳ್ಳುವುದು. ಪುಸ್ತಕದ ಸಂಖ್ಯೆ ಪ್ರಭೇದಕ್ಕೆ ಸೇರಿದ್ದು. ಒಂದೇ ಪ್ರಭೇದದ ಮೂರು ನೋಟುಗಳಿದ್ದರೆ ಮೂರಕ್ಕೂ ಅದೇ ಸಂಖ್ಯೆ. ಪುಸ್ತಕ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಆದ್ದರಿಂದ ವಹಿಯಲ್ಲಿ ಪ್ರತಿಯೊಂದು ನೋಟಿಗೂ 1, 2, 3 ಎಂಬ ಸಾದಾ ಕ್ರಮಸಂಖ್ಯೆ ಇರಬೇಕು. ಅದರಲ್ಲಿ ವರ್ಷ, ಮುಖಬೆಲೆ ಇತ್ಯಾದಿಗಳನ್ನು ತುಂಬುವ ಜಾಣತನ ಬೇಡ. ಮಾಹಿತಿ ತಪ್ಪೆಂದು ಗೊತ್ತಾದ ದಿನ ಸಂಖ್ಯೆಯನ್ನೇ ತಿದ್ದಬೇಕಾಗುತ್ತದೆ. ನೋಟು ಮಾರಾಟವಾದರೆ ಸಾಲನ್ನು ಹೊಡೆದುಹಾಕಿ ತಾರೀಖು ಬರೆಯಬೇಕು. ಆ ಸಂಖ್ಯೆಯನ್ನು ಇನ್ನೊಂದು ನೋಟಿಗೆ ಕೊಡಬಾರದು. ಮುಖಬೆಲೆ, ಸಹಿ, ವರ್ಷ, ಹಿನ್ನೆಲೆಯ ಅಕ್ಷರ, ನೋಟಿನ ಪೂರ್ಣ ಸಂಖ್ಯೆ, ಸ್ಥಿತಿ, ಬಂದ ಬಗೆ, ಕೊಟ್ಟ ಬೆಲೆ ಇವು ಮುಂದಿನ ಕಲಮುಗಳು. ಪುಸ್ತಕದ ಸಂಖ್ಯೆ ಕೊನೆಯ ಕಲಮಿನಲ್ಲಿ, ಪುಸ್ತಕದ ಹೆಸರು ಮತ್ತು ಆವೃತ್ತಿಯೊಡನೆ. ಕ್ರಮಸಂಖ್ಯೆಯನ್ನು ನೋಟಿನ ಮೇಲೆ ಪೆನ್ಸಿಲಿನಿಂದಲೂ ಬರೆಯಬಾರದು, ಲಕೋಟೆಯ ಮೇಲೆ ಬರೆಯಬೇಕು. ಜೋಯಿಡಾದಂತಹ ಮಳೆಯ ಸೀಮೆಯಲ್ಲಿ ಪಿ.ವಿ.ಸಿ. ಹಾಳೆ ಮತ್ತು ಲ್ಯಾಮಿನೇಶನ್ ಎರಡನ್ನೂ ದೂರವಿಡುವುದು ಮೇಲು.

ಲೆಕ್ಕಪತ್ರದಲ್ಲಿ ಇನ್ನೊಂದು ತೊಡಕಿದೆ. ಗಲ್ಲಾದಲ್ಲಿ ಬಂದ ನಕ್ಷತ್ರದ ನೋಟನ್ನು ಮಾಲೀಕನು ಸಂಗ್ರಹಕ್ಕೆಂದು ತೆಗೆದಿಟ್ಟರೆ, ಆ ದಿನದ ನಗದು ಪುಸ್ತಕ ಹತ್ತು ರೂಪಾಯಿ ಕಡಿಮೆ ಬರುತ್ತದೆ. ಸ್ವಂತ ಜೇಬಿನಿಂದ ಬದಲಿ ನೋಟು ಹಾಕಬೇಕು, ಇಲ್ಲವೇ ಸ್ವಂತ ಖರ್ಚಿನ ಖಾತೆಗೆ ಬರೆಯಬೇಕು. ಹಣ ಕೊಟ್ಟು ಕೊಂಡ ನೋಟನ್ನು ಕೊಟ್ಟ ಬೆಲೆಗೇ ತೋರಿಸಬೇಕೇ ಹೊರತು ಪುಸ್ತಕದಲ್ಲಿ ಅಚ್ಚಾದ ಬೆಲೆಗೆ ಅಲ್ಲ. ಆ ಬೆಲೆ ಉತ್ತಮ ಸ್ಥಿತಿಯ ನೋಟಿಗೆ ಹೇಳಿದ್ದು. ನಾಲ್ಕು ಮಡಿಕೆಯ ನೋಟಿಗೆ ಅದು ದೊರೆಯುವುದಿಲ್ಲ. ಹಳೆಯ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಹೇಳಿ ಮುಂಗಡವಾಗಿ ಕಮಿಷನ್ ಅಥವಾ ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲಿಯೇ ಎಚ್ಚರಿಸಿದೆ. ಬ್ಯಾಂಕು ಇಂತಹ ವ್ಯವಹಾರಕ್ಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ.

2016ರ ನವೆಂಬರಿನಲ್ಲಿ ರದ್ದಾದ 500 ಮತ್ತು 1000 ರೂಪಾಯಿ ನೋಟುಗಳಿಗೆ ಮಾತ್ರ ಕಾನೂನಿನ ಮಿತಿಯಿದೆ. 2017ರ ಕಾಯಿದೆಯ ಪ್ರಕಾರ ಯಾರೂ ಅಂತಹ 10ಕ್ಕಿಂತ ಹೆಚ್ಚು ನೋಟುಗಳನ್ನು ಇಟ್ಟುಕೊಳ್ಳುವಂತಿಲ್ಲ; ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕೆ 25ರವರೆಗೆ ಅವಕಾಶವಿದೆ. ಮೀರಿದರೆ ದಂಡ ಹತ್ತು ಸಾವಿರ ರೂಪಾಯಿ ಅಥವಾ ನೋಟುಗಳ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅದು. ಎಣಿಕೆ ನೋಟುಗಳದ್ದು, ಪ್ರಭೇದಗಳದ್ದಲ್ಲ. 500ರ ನೋಟಿನ ಸಹಿ, ವರ್ಷ, ಅಕ್ಷರ ಎಲ್ಲವನ್ನೂ ಕೂಡಿಸಬೇಕೆಂದು ಹೊರಟವನು ಬಹುಬೇಗ 26ನೆಯ ನೋಟಿಗೆ ತಲುಪುತ್ತಾನೆ. ಅಧ್ಯಯನದ ಉದ್ದೇಶವನ್ನು ತೋರಿಸಲು ಕ್ರಮವಾಗಿ ಬರೆದ ವಹಿಗಿಂತ ಒಳ್ಳೆಯ ಆಧಾರ ಸಂಗ್ರಾಹಕನ ಬಳಿ ಬೇರೆ ಇರುವುದಿಲ್ಲ; ಮಿತಿ ದಾಟಿದ್ದರೆ ಅದೇ ವಹಿ ಅವನಿಗೆ ವಿರುದ್ಧವಾದ ಸಾಕ್ಷಿಯೂ ಆಗುತ್ತದೆ.