ಒಂದು ಓಟಿಪಿಗೆ 326 ಬಾಟಲಿ ಅಪ್ಪೆಮಿಡಿ

2023ರ ಜೂನ್ ತಿಂಗಳ ಒಂದು ಸಂಜೆ, ಬೆಂಗಳೂರಿನ ಬಸ್ಸಿನಲ್ಲಿ ನಿಂತುಕೊಂಡೇ 21,197 ರೂಪಾಯಿ 52 ಪೈಸೆ ಕಟ್ಟಿದೆ. ಸಿರ್ಸಿ ಹತ್ತಿರದ ಊರಿನಲ್ಲಿರುವ ನನ್ನ ಅಕ್ಕನ ಉಪ್ಪಿನಕಾಯಿ ಜಾಲತಾಣದ ಹೋಸ್ಟಿಂಗ್ ಅಂದು ರಾತ್ರಿ ಮುಗಿಯುತ್ತಿತ್ತು. ಕಂಪನಿಯಿಂದ ಬಂದಿದ್ದ ಕೊನೆಯ ಮೇಲ್‌ನಲ್ಲಿ ಕೆಂಪು ಅಕ್ಷರದಲ್ಲಿ ‘ನಿಮ್ಮ ದತ್ತಾಂಶ ಅಳಿಸಿಹೋಗಬಹುದು’ ಎಂದಿತ್ತು. ಊರಲ್ಲಿ ಅಕ್ಕ ಚೈತ್ರದಲ್ಲಿ ಉಪ್ಪಿಗೆ ಹಾಕಿದ್ದ ಮಿಡಿಗಳನ್ನು ತೆಗೆದು ಮಸಾಲೆ ಕಲೆಸಿ ಮುಗಿಸಿದ್ದಳು. ಮಳೆಗಾಲದ ಆರ್ಡರ್‌ಗಳು ಶುರುವಾಗುವ ಹೊತ್ತು. ಒಂದು ವರ್ಷಕ್ಕೆ ಕಟ್ಟಿದರೆ ತಿಂಗಳಿಗೆ 649, ಮೂರು ವರ್ಷಕ್ಕೆ ಕಟ್ಟಿದರೆ ತಿಂಗಳಿಗೆ 499 ಎಂದು ಪರದೆ ಹೇಳಿತು. ಕಡಿಮೆ ಅಂಕಿಯನ್ನು ಒತ್ತಿದೆ. ಓಟಿಪಿ ಬಂತು, ಅದನ್ನೂ ಒತ್ತಿದೆ.

ಆ ಓಟಿಪಿ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಟೋ ರಿನ್ಯೂವಲ್‌ನಲ್ಲಿ ಗೊತ್ತಿಲ್ಲದೆ ದುಡ್ಡು ಹೋಯಿತು ಎಂದು ದೂರುವವರು ಬಹಳ. ನನಗೆ ಆ ದೂರು ಹೇಳುವ ಹಕ್ಕಿಲ್ಲ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. 2022ರ ಜೂನ್‌ನಲ್ಲಿ ಅದರ ಮಿತಿಯನ್ನು 15,000 ರೂಪಾಯಿಗೆ ಏರಿಸಿದರು. ಅದಕ್ಕಿಂತ ಹೆಚ್ಚಿನ ಇಂಥ ಪಾವತಿ ನಾನು ಒಪ್ಪದೆ ಕಾರ್ಡಿನಿಂದ ಹೋಗುವಂತಿರಲಿಲ್ಲ. ವ್ಯವಸ್ಥೆ ನನ್ನನ್ನು ನಿಲ್ಲಿಸಿ ಕೇಳಿತು, ನಾನು ಹೂಂ ಎಂದೆ. ಯಾಕೆ ಹೂಂ ಎಂದೆ ಎನ್ನುವುದನ್ನು ಅರ್ಥ ಮಾಡಿಕೊಳ್ಳಲು ಒಂದು ವರ್ಷ ಹಿಡಿಯಿತು.

ಕತೆ ಶುರುವಾದದ್ದು 2020ರಲ್ಲಿ. ಅಕ್ಕ ಮಾರುತ್ತಿದ್ದದ್ದು ಮೇಳಗಳಲ್ಲಿ, ಹಲಸು–ಮಾವಿನ ಹಬ್ಬಗಳಲ್ಲಿ, ಪರಿಚಿತರ ಮದುವೆಮನೆಗಳಲ್ಲಿ. ಲಾಕ್‌ಡೌನ್ ಬಂದಾಗ ಎಲ್ಲವೂ ಒಮ್ಮೆಗೇ ನಿಂತಿತು. ಭರಣಿ ತುಂಬ ಮಿಡಿ ಇತ್ತು, ಕೊಳ್ಳುವವರು ಮನೆಯೊಳಗೆ ಕೂತಿದ್ದರು. ಜೂನ್‌ನಲ್ಲಿ ನಾನು ‘ಒಂದು ಜಾಲತಾಣ ಮಾಡೋಣ’ ಎಂದೆ. ತಿಂಗಳಿಗೆ 149 ರೂಪಾಯಿ, ಮೊದಲ ವರ್ಷ ಡಾಟ್ ಕಾಮ್ ಹೆಸರು ಉಚಿತ, ಒಂದು ಕ್ಲಿಕ್ಕಿಗೆ ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶ. ನಿಜಕ್ಕೂ ಒಂದೇ ಕ್ಲಿಕ್ಕಿಗೆ ಬಂತು. ಅರ್ಧ ಗಂಟೆಯಲ್ಲಿ ಅಕ್ಕನ ಭರಣಿಯ ಫೋಟೊ ಮುಖಪುಟದಲ್ಲಿತ್ತು. ಅಂದು ಇಬ್ಬರಿಗೂ ಆದ ಸಂತೋಷವನ್ನು ಈಗಲೂ ಅಲ್ಲಗಳೆಯುವುದಿಲ್ಲ. ಆ ಮಳೆಗಾಲ ಅವಳ ಮಿಡಿ ಹಾಳಾಗದೆ ಉಳಿದದ್ದು ಅದರಿಂದಲೇ.

ಈಗ ಲೆಕ್ಕ. ಇದನ್ನು ಪೆನ್ನು ಹಿಡಿದುಕೊಂಡು ನನ್ನ ಜೊತೆ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ತಿಂಗಳಿಗೆ 149 ಎಂದರೆ 36 ತಿಂಗಳಿಗೆ 5,364. ಅಷ್ಟನ್ನೂ ಮುಂಗಡವಾಗಿ ಕಟ್ಟಬೇಕು. ಬಿಲ್ಲಿನ ಪುಟದಲ್ಲಿ ಎರಡು ಚೌಕಗಳಿಗೆ ಆಗಲೇ ಟಿಕ್ ಬಿದ್ದಿತ್ತು. ಬ್ಯಾಕಪ್ ತಿಂಗಳಿಗೆ 59, ಅಂದರೆ 2,124. ಸೆಕ್ಯೂರಿಟಿ ಪ್ಯಾಕ್ ತಿಂಗಳಿಗೆ 79, ಅಂದರೆ 2,844. ಒಟ್ಟು 10,332. ಅದರ ಮೇಲೆ ಶೇ 18 ಜಿಎಸ್‌ಟಿ, 1,859 ರೂಪಾಯಿ 76 ಪೈಸೆ. ಅಕ್ಕ ರಾಜ್ಯದೊಳಗೆ ಮಾತ್ರ ಮಾರುತ್ತಾಳೆ, ವಹಿವಾಟು 40 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ, ಹಾಗಾಗಿ ಅವಳಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಇನ್‌ಪುಟ್ ಕ್ರೆಡಿಟ್ ಇಲ್ಲ. ತೆರಿಗೆಯೂ ಪೂರ್ತಿ ಅವಳ ಖರ್ಚೇ. ಮೊದಲ ದಿನವೇ ಕೈಬಿಟ್ಟು ಹೋದದ್ದು 12,191 ರೂಪಾಯಿ 76 ಪೈಸೆ. ಅದನ್ನು 36ರಿಂದ ಭಾಗಿಸಿ: ತಿಂಗಳಿಗೆ 338 ರೂಪಾಯಿ 66 ಪೈಸೆ. ನವೀಕರಣದ ಮಾತು ಬರುವ ಮೊದಲೇ 149 ಎರಡು ಪಟ್ಟು ದಾಟಿ ಆಗಿತ್ತು.

ಮುಂದಿನ ಮೂರು ವರ್ಷಕ್ಕೆ ಎರಡೂ ಟಿಕ್ ತೆಗೆದಿದ್ದೆ. ಆದರೂ 499ರಂತೆ 17,964, ಜಿಎಸ್‌ಟಿ 3,233 ರೂಪಾಯಿ 52 ಪೈಸೆ. ಇದೇ ಬಸ್ಸಿನಲ್ಲಿ ಕಟ್ಟಿದ 21,197.52. ಇದಲ್ಲದೆ ಡೊಮೇನ್ ಇದೆ. ಮೊದಲ ವರ್ಷ ಉಚಿತ, ಆಮೇಲೆ ವರ್ಷಕ್ಕೆ 1,199, ತೆರಿಗೆ ಸೇರಿ 1,414 ರೂಪಾಯಿ 82 ಪೈಸೆ, ಐದು ಸಲ: 7,074 ರೂಪಾಯಿ 10 ಪೈಸೆ. ಮೂರನ್ನೂ ಕೂಡಿಸಿದರೆ ಆರು ವರ್ಷಕ್ಕೆ 40,463 ರೂಪಾಯಿ 38 ಪೈಸೆ. 72 ತಿಂಗಳಿಗೆ ಭಾಗಿಸಿ. ತಿಂಗಳಿಗೆ 562.

ರೂಪಾಯಿಯಲ್ಲಿ ಹೇಳಿದರೆ ಅಕ್ಕನಿಗೆ ಮುಟ್ಟುವುದಿಲ್ಲ, ನನಗೂ ಅಷ್ಟೇ. ಅರ್ಧ ಕೆ.ಜಿ. ಬಾಟಲಿಗೆ ಮಿಡಿ, ಉಪ್ಪು, ಸಾಸಿವೆ, ಮೆಣಸು, ಬಾಟಲಿ, ಕೆಲಸದವರ ಕೂಲಿ ಎಲ್ಲ ಕಳೆದು ಅವಳಿಗೆ ಉಳಿಯುವುದು 65 ರೂಪಾಯಿ. ಬಸ್ಸಿನ ಆ ಒಂದು ಪಾವತಿಗೆ ಸುಮಾರು 326 ಬಾಟಲಿ ಮಾರಬೇಕು. ಜಾಲತಾಣದ ಮೂಲಕ ಅವಳು ವರ್ಷಕ್ಕೆ ಮಾರುವುದು ಸುಮಾರು 250. ಮೂರು ವರ್ಷದ ಜಾಲತಾಣದ ಲಾಭ 48,750 ಎಂದಾದರೆ, ಹೋಸ್ಟಿಂಗ್ ಮತ್ತು ಡೊಮೇನ್ ಸೇರಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಆಹಾರ ಮಾರಲು ಅವಳು ಮಾಡಿಸಿದ ಎಫ್‌ಎಸ್‌ಎಸ್‌ಎಐ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಅಂಗಡಿಯ ಬೋರ್ಡು ನೇತುಹಾಕುವ ಮೊಳೆಗೆ ಅದರ 56 ಪಟ್ಟು, ಅದೂ ಪ್ರತಿ ತಿಂಗಳು ಎಂದರೆ ನಂಬುವವರು ಯಾರು? ಆದರೆ ಕೊಟ್ಟಿದ್ದೇವೆ. ಅಲ್ಲ, ತಪ್ಪು ಹೇಳಿದೆ: ತಿಂಗಳಿಗೆ 5.6 ಪಟ್ಟು, ವರ್ಷಕ್ಕೆ 67 ಪಟ್ಟು. ಅಂಕಿಯನ್ನು ತಿಂಗಳಿಗೆ ಹೇಳಿದರೆ ಒಂದು, ವರ್ಷಕ್ಕೆ ಹೇಳಿದರೆ ಇನ್ನೊಂದು. ಇಷ್ಟು ಲೆಕ್ಕ ಹಾಕಿದ ಮೇಲೂ ನನ್ನ ಕಣ್ಣು ತಪ್ಪುತ್ತದೆ ಎಂದು ತಿಳಿಯಲಿ ಎಂದೇ ಇದನ್ನು ಅಳಿಸದೆ ಬಿಟ್ಟಿದ್ದೇನೆ.

ಬೆಲೆ ಏರಿದ್ದು ಮೋಸವಲ್ಲ. ಪರಿಚಯದ ಬೆಲೆ ಮೊದಲ ಅವಧಿಗೆ ಮಾತ್ರ ಎಂದು ಅವರ ಷರತ್ತುಗಳಲ್ಲಿ ಇತ್ತು. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಬೇರೆ ಕಡೆಗೆ ಯಾಕೆ ಹೋಗಲಿಲ್ಲ? ಬಾಡಿಗೆ ಮೂರು ಪಟ್ಟು ಮಾಡಿದ ಮಾಲೀಕನಿಗೆ ನಮಸ್ಕಾರ ಹೇಳಿ ಗಂಟುಮೂಟೆ ಕಟ್ಟುವುದು ನಮಗೆಲ್ಲ ಗೊತ್ತು. ಇಲ್ಲಿ ನನಗೆ ಗಂಟು ಯಾವುದು, ಮೂಟೆ ಯಾವುದು ಎಂದೇ ತಿಳಿದಿರಲಿಲ್ಲ. ಒಂದು ಕ್ಲಿಕ್ಕಿಗೆ ಬಂದ ಮನೆಯ ಕಂಬ ಎಲ್ಲಿದೆ, ಮಾಡು ಎಲ್ಲಿದೆ ಎಂದು ನಾನು ನೋಡಿರಲೇ ಇಲ್ಲ. ಅಕ್ಕನ ಮೂರು ವರ್ಷದ ಗ್ರಾಹಕರ ಪಟ್ಟಿ, ಆರ್ಡರ್‌ಗಳು, ಫೋಟೊಗಳು ಎಲ್ಲವೂ ಆ ಕಂಪನಿಯ ಯಂತ್ರದಲ್ಲಿ ಎಲ್ಲೋ ಇವೆ, ಕಟ್ಟದಿದ್ದರೆ ಹೋಗುತ್ತವೆ. ನನಗೆ ಗೊತ್ತಿದ್ದದ್ದು ಅಷ್ಟು. ಹೂಂ ಎಂದದ್ದು ಆ ಭಯ.

ಮರುವರ್ಷ ನಮ್ಮೂರಿನ ತಾಳಮದ್ದಳೆ ಕೂಟದವರು ತಮ್ಮ ಹಳೆಯ ಲೇಖನಗಳಿಗೆ ಒಂದು ತಾಣ ಬೇಕೆಂದರು. ಈ ಸಲ ಮೊದಲು ನವೀಕರಣದ ದರ ಕೇಳಿ, ಅದನ್ನು ಬರಹದಲ್ಲಿ ಪಡೆದು, ಮೊದಲ ವರ್ಷಕ್ಕೂ ಎರಡನೇ ವರ್ಷಕ್ಕೂ ಒಂದೇ ಬೆಲೆಯಿರುವ ಸಣ್ಣ ಖಾತೆ ಕೊಂಡೆ. ತೆರಿಗೆ ಸೇರಿ ವರ್ಷಕ್ಕೆ 2,360. ಒಂದು ಕ್ಲಿಕ್ಕಿನ ಗುಂಡಿ ಅಲ್ಲೂ ಇತ್ತು. ಮುಟ್ಟಲಿಲ್ಲ.

ವರ್ಡ್‌ಪ್ರೆಸ್ 2003ರ ಮೇ 27ರಿಂದಲೂ ಉಚಿತವಾಗಿ, ಮುಕ್ತ ಪರವಾನಗಿಯಲ್ಲಿ ಸಿಗುತ್ತಿರುವ ತಂತ್ರಾಂಶ. ಅದರ ‘ಐದು ನಿಮಿಷದ ಇನ್‌ಸ್ಟಾಲ್’ ಪ್ರಸಿದ್ಧ. ನನಗೆ ಒಂದು ಭಾನುವಾರದ ಮಧ್ಯಾಹ್ನ ಪೂರ್ತಿ ಬೇಕಾಯಿತು. ಜಿಪ್ ಇಳಿಸಿಕೊಂಡು ಪಬ್ಲಿಕ್-ಎಚ್‌ಟಿಎಮ್‌ಎಲ್ ಫೋಲ್ಡರಿಗೆ ಏರಿಸಿದೆ. ಸಿಪ್ಯಾನೆಲ್ ಎಂಬ ಹೋಸ್ಟಿಂಗ್ ನಿಯಂತ್ರಣ ಫಲಕದಲ್ಲಿ ಖಾಲಿ ಡೇಟಾಬೇಸ್ ಮಾಡಿದೆ, ಅದಕ್ಕೊಬ್ಬ ಯೂಸರ್ ಮಾಡಿದೆ, ಯೂಸರ್‌ಗೆ ಆ ಡೇಟಾಬೇಸಿನ ಹಕ್ಕು ಕೊಡುವುದನ್ನು ಮರೆತೆ. ಮಾದರಿ ಕಾನ್ಫಿಗ್ ಕಡತದ ಹೆಸರು ಬದಲಿಸಿ ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್ ತುಂಬಿ, ಮುಕ್ಕಾಲು ಗಂಟೆ ‘ಸಂಪರ್ಕ ಸಾಧ್ಯವಾಗುತ್ತಿಲ್ಲ’ ಎಂಬ ಒಂದೇ ಸಾಲನ್ನು ನೋಡುತ್ತಾ ಕೂತೆ. ಅದೇ ಕಡತದಲ್ಲಿ ‘ಸಾಲ್ಟ್’ ಎಂಬ ರಹಸ್ಯ ಕೀಲಿಗಳ ಸಾಲುಗಳಿವೆ. ಅಕ್ಕನಿಗೆ ಇದನ್ನು ಹೇಳಿದಾಗ ಬೇರೆ ವಿವರಣೆ ಬೇಕಾಗಲಿಲ್ಲ; ಉಪ್ಪಿಲ್ಲದೆ ಮಿಡಿ ಉಳಿಯುವುದಿಲ್ಲ ಎಂದು ಅವಳಿಗೆ ಯಾರೂ ಕಲಿಸಬೇಕಿಲ್ಲ. ಕೂಟದ ಲೇಖನಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿದ್ದವು. ಅವನ್ನು ಯುನಿಕೋಡ್‌ಗೆ ತಂದು ಒತ್ತಕ್ಷರ ತಿದ್ದಲು ಇನ್‌ಸ್ಟಾಲ್‌ಗಿಂತ ಹತ್ತು ಪಟ್ಟು ಹೊತ್ತು ಹೋಯಿತು.

ಸಂಜೆ ಏಳಕ್ಕೆ ತಾಣ ತೆರೆದಾಗ ಕಣ್ಣಿಗೆ ಬಿದ್ದ ಸಂಗತಿ ಇಷ್ಟು: ಒಂದು ತಾಣವೆಂದರೆ ಎರಡೇ ವಸ್ತು. ಒಂದು ಫೋಲ್ಡರ್, ಒಂದು ಡೇಟಾಬೇಸ್. ಫೋಲ್ಡರ್ ನಕಲು ಮಾಡಬಹುದು, ಡೇಟಾಬೇಸನ್ನು ಪಿಎಚ್‌ಪಿಮೈಅಡ್ಮಿನ್ ಎಂಬ ಸಾಧನದಿಂದ ಒಂದು ಕಡತವಾಗಿ ಇಳಿಸಬಹುದು. ಹೊಸ ಕಡೆ ಖಾಲಿ ಡೇಟಾಬೇಸ್ ಮಾಡಿ ಅದನ್ನು ತುಂಬಿ, ಕಾನ್ಫಿಗ್‌ನಲ್ಲಿ ಹೊಸ ವಿವರ ಬರೆದು, ಡೊಮೇನನ್ನು ಅತ್ತ ತಿರುಗಿಸಿದರೆ ಮನೆ ಬದಲಿಸಿದಂತೆ. ಅಂದು ರಾತ್ರಿಯೇ ಅಕ್ಕನ ತಾಣವನ್ನು ಇಳಿಸಿ ನೋಡಿದೆ. ಎಲ್ಲ ಸೇರಿ 640 ಎಂಬಿ. ಇಷ್ಟು ಚಿಕ್ಕ ಗಂಟಿಗೆ ನಾನು ಹೆದರಿದ್ದೆ. ಅದೇ 2,360ರ ಖಾತೆಗೆ 2023ರಲ್ಲೇ ಹೋಗಿದ್ದರೆ ಮೂರು ವರ್ಷಕ್ಕೆ 7,080. ವ್ಯತ್ಯಾಸ 14,117 ರೂಪಾಯಿ 52 ಪೈಸೆ. ಒಂದು ಭಾನುವಾರ ಮೊದಲೇ ಕೂತಿದ್ದರೆ ಅಕ್ಕನ 217 ಬಾಟಲಿ ಉಳಿಯುತ್ತಿತ್ತು.

ಸೆಕ್ಯೂರಿಟಿ ಪ್ಯಾಕ್ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. 2,844 ರೂಪಾಯಿಯ ಆ ಪ್ಯಾಕ್ ಬಿಚ್ಚಿದರೆ ಒಳಗೆ ಹೇಳಿಕೊಳ್ಳುವಂಥದ್ದು ತಾಣಕ್ಕೆ ಬೀಗ ಹಾಕುವ ಒಂದು ಎಸ್‌ಎಸ್‌ಎಲ್ ಸರ್ಟಿಫಿಕೇಟ್. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಯೋಜನೆ ಇದೇ ಸರ್ಟಿಫಿಕೇಟನ್ನು 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ಒಂದೇ ಸಮಸ್ಯೆ, ಅದು ಹೆಚ್ಚು ಕಾಲ ಬಾಳುವುದಿಲ್ಲ, ಯಂತ್ರ ತಾನಾಗಿ ನವೀಕರಿಸಿಕೊಳ್ಳುವಂತೆ ಇಡಬೇಕು; ಅದನ್ನು ಇಡುವುದು ಹೋಸ್ಟಿಂಗ್‌ನವರಿಗೆ ದೊಡ್ಡ ಕೆಲಸವಲ್ಲ. 2018ರಲ್ಲಿ ಕ್ರೋಮ್ ಬೀಗವಿಲ್ಲದ ತಾಣಗಳಿಗೆಲ್ಲ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಹಚ್ಚತೊಡಗಿದ ಮೇಲೆ ಆ ಭಯವನ್ನೇ ಸರಕು ಮಾಡಿಕೊಂಡವರು ಇದ್ದಾರೆ. ಸಣ್ಣ ಅಂಗಡಿಯವರಿಗೆ ಇದನ್ನು ಮಾರುವುದು ಬಾವಿಯ ಪಕ್ಕದಲ್ಲಿ ನಿಂತು ನೀರು ಮಾರಿದಂತೆ, ಬಾವಿ ಇದೆ ಎಂದು ಹೇಳದೆ. ‘ಅನ್‌ಲಿಮಿಟೆಡ್’ ಎನ್ನುವ ಪದವೂ ಹಾಗೆಯೇ: ಜಾಗಕ್ಕೆ ಮಿತಿಯಿಲ್ಲ ಎನ್ನುತ್ತಾರೆ, ಕಡತಗಳ ಸಂಖ್ಯೆಗೆ ಐನೋಡ್ ಮಿತಿ ಹಾಕಿರುತ್ತಾರೆ.

ತಾಣವೇ ಬೇಡ, ವಾಟ್ಸ್‌ಆ್ಯಪ್ ಕ್ಯಾಟಲಾಗ್ ಸಾಕು ಎನ್ನುವವರಿದ್ದಾರೆ. ವರ್ಷಕ್ಕೆ ನೂರು ಬಾಟಲಿ ಮಾರುವವರಿಗೆ ಸಾಕು. ಅಕ್ಕ ಅದಕ್ಕಿಂತ ಹೆಚ್ಚು ಮಾರುತ್ತಾಳೆ; ದೊಡ್ಡ ಆನ್‌ಲೈನ್ ಮಾರುಕಟ್ಟೆಗಳೂ ಅವಳಿಗೆ ಹೊಂದಲಿಲ್ಲ.

ಹಣ ಉಳಿಸುವ ಮಾತು ಬಂದಾಗ ನಾವು ಯಾವಾಗಲೂ ದರಪಟ್ಟಿಗಳನ್ನು ಹೋಲಿಸುತ್ತೇವೆ. ನನಗೀಗ ಅಭ್ಯಾಸಗಳ ಮೇಲೆಯೇ ಹೆಚ್ಚು ನಂಬಿಕೆ. ಯಾವ ಚಂದಾ ಕಟ್ಟಿದರೂ ಅಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿಯುವ ದಿನಕ್ಕಿಂತ ಎರಡು ತಿಂಗಳು ಹಿಂದಿನ ದಿನಕ್ಕೆ ಗುರುತು ಹಾಕಿ. ಫೋನಿನಲ್ಲಲ್ಲ, ಗೋಡೆಯಲ್ಲಿ, ಮನೆಮಂದಿಗೆಲ್ಲ ಕಾಣುವಂತೆ. ಕೊನೆಯ ದಿನ ಚೌಕಾಸಿಗೆ ನಿಂತವನಿಗೆ ಚೌಕಾಸಿ ಇರುವುದಿಲ್ಲ. ಡೊಮೇನನ್ನು ಹೋಸ್ಟಿಂಗ್ ಕಂಪನಿಯಲ್ಲಿ ಕೊಳ್ಳಬೇಡಿ, ಬೇರೆಯೇ ಕಡೆ ಇಡಿ. ಅದು ಅಂಗಡಿ ನಡೆಸುವವರ ಹೆಸರಿನಲ್ಲಿ, ಅವರ ಇಮೇಲ್‌ನಲ್ಲಿರಲಿ. ತಮ್ಮನ ಹೆಸರಿನಲ್ಲಿ ಬೇಡ, ತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಂತೂ ಬೇಡವೇ ಬೇಡ. ಅವನು ಒಳ್ಳೆಯವನೇ ಇರಬಹುದು. ನಾಳೆ ಕೆಲಸ ಬದಲಿಸಿ ಪುಣೆಗೆ ಹೋದರೆ ನಿಮ್ಮ ಅಂಗಡಿಯ ಹೆಸರು ಅವನ ಜೊತೆ ಹೋಗುತ್ತದೆ. ಜಮೀನಿನ ಪಹಣಿ ಯಾರ ಹೆಸರಲ್ಲಿದೆ ಎಂದು ಮೂರು ಸಲ ನೋಡುವ ನಾವು ಇದನ್ನು ಒಮ್ಮೆಯೂ ನೋಡುವುದಿಲ್ಲ. ಅಕ್ಕನ ಡೊಮೇನ್ ಐದು ವರ್ಷ ನನ್ನ ಹೆಸರಿನಲ್ಲಿತ್ತು. 2025ರಲ್ಲಿ ಅವಳ ಹೆಸರಿಗೆ ಮಾಡಿ ಬೇರೆ ಕಡೆಗೆ ಒಯ್ದೆವು.

ಅಕ್ಕ ಈಗ ತಿಂಗಳಿಗೊಮ್ಮೆ ಭರಣಿಗಳ ಬಾಯಿಬಟ್ಟೆ ಬಿಚ್ಚಿ ಬೂಸಲು ನೋಡುವ ದಿನವೇ ತಾಣದ ನಕಲನ್ನೂ ಪೆನ್‌ಡ್ರೈವ್‌ಗೆ ಇಳಿಸುತ್ತಾಳೆ. 2026ರ ಜೂನ್‌ಗೆ ಆರು ವರ್ಷದ ಅವಧಿ ಮುಗಿಯುವುದಿತ್ತು. ಗೋಡೆಯ ಗುರುತು ನೋಡಿ ಅದಕ್ಕೆ ಮೊದಲೇ ಹೊಸ ಖಾತೆಯಲ್ಲಿ ತಾಲೀಮು ಮಾಡಿದಳು. ರಾತ್ರಿ ಒಂಬತ್ತಕ್ಕೆ ಫೋನು. ‘ತಾಣ ಬಂತು ತಮ್ಮಾ, ಆದರೆ ಕನ್ನಡ ಇದ್ದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಸಾಲುಗಟ್ಟಿದೆ, ಮಿಡಿ ಹಾಳಾಯ್ತಾ?’ ಕಾನ್ಫಿಗ್ ಕಡತದ ಅಕ್ಷರ ಸೆಟ್‌ನ ಸಾಲು ಓದು ಎಂದೆ. ಖಾಲಿ ಇದೆ ಎಂದಳು. ಅಲ್ಲಿ ಯುಟಿಎಫ್8ಎಂಬಿ4 ಎಂದು ಬರೆಯಲು ಹೇಳಿದೆ. ಕೀಲಿಮಣೆಯ ಸದ್ದು ಕೇಳಿತು. ಸ್ವಲ್ಪ ಹೊತ್ತು ಅವಳು ಏನೂ ಮಾತಾಡಲಿಲ್ಲ. ಆಮೇಲೆ ತನ್ನದೇ ಅಂಗಡಿಯ ಬೆಲೆಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನನಗೆ ಓದಿ ಹೇಳಿದಳು.